ಜುಟ್ಟಪ್ಪನಿಗೆ ಜಾಕೆಟ್ಟು ಬೇಡ, ಕೆಲಸ ಬೇಕು

ಟೈಲರ್ ಮಾಸ್ಟರು ತಮ್ಮ ಜೀವಮಾನದಲ್ಲಿ ಹೊಲಿದ ಅತಿ ಚಿಕ್ಕ ಜಾಕೆಟ್ಟು ಒಂದು ಹಕ್ಕಿಯದು. ಹಕ್ಕಿ ಎಂದರೆ ಗುಬ್ಬಿಯೋ ಪಾರಿವಾಳವೋ ಅಲ್ಲ, ಕಾಕಟೂ. ಗಿಳಿಯ ಬಳಗದ್ದು, ಬಿಳಿ ಮೈ, ತಲೆಯ ಮೇಲೆ ಹಳದಿ ಜುಟ್ಟು. ಅದಕ್ಕೇ ಮನೆಯಲ್ಲಿ ಅದರ ಹೆಸರು ಜುಟ್ಟಪ್ಪ. ಮಾಸ್ಟರ ಹೆಂಡತಿಯ ತಂದೆ ಸಾಕಿದ್ದ ಹಕ್ಕಿ ಅದು. ಅವರು ತೀರಿಕೊಂಡ ಮೇಲೆ ಮಗಳು ಅದನ್ನು ಪಂಜರ ಸಮೇತ ತನ್ನ ಮನೆಗೆ ತಂದು, ಮುಂದಿನ ಕೋಣೆಯಲ್ಲಿ, ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಇಟ್ಟಿದ್ದಳು.

ಈಗ ಜುಟ್ಟಪ್ಪ ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತಿತ್ತು. ಎದೆ ಬೋಳಾಗಿ ಅಲ್ಲಲ್ಲಿ ರಕ್ತ ಜಿನುಗುತ್ತಿತ್ತು. ಹೆಂಡತಿಗೆ ಊಟ ಸೇರುತ್ತಿರಲಿಲ್ಲ. "ಇದೂ ಹೋದ್ರೆ ಅಪ್ಪನ್ನ ಎರಡನೇ ಸಲ ಕಳ್ಕೊಂಡ ಹಾಗೆ ಕಣ್ರೀ," ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಮಾಸ್ಟರಿಗೆ ಗೊತ್ತಿದ್ದ ವಿದ್ಯೆ ಒಂದೇ. ಮೆತ್ತನೆಯ ಹತ್ತಿ ಬಟ್ಟೆ ಹುಡುಕಿ, ರೆಕ್ಕೆಗೆ ಎರಡು ತೂತು ಬಿಟ್ಟು, ಬೆನ್ನಿಗೆ ಗುಂಡಿ ಹಚ್ಚಿ ಜಾಕೆಟ್ಟು ತೊಡಿಸಿಯೇಬಿಟ್ಟರು.

"ಈಗ ಕೀಳಲಿ ನೋಡೋಣ," ಎಂದರು.

ಬೆಳಗಾಗುವಷ್ಟರಲ್ಲಿ ಜಾಕೆಟ್ಟು ಚಿಂದಿಯಾಗಿತ್ತು. ಮಾಸ್ಟರು ಸೋಲೊಪ್ಪುವ ಆಸಾಮಿಯಲ್ಲ. ದಪ್ಪ ಬಟ್ಟೆಯಲ್ಲಿ ಇನ್ನೊಂದು ಹೊಲಿದು ಗುಂಡಿ ಹಾಕುತ್ತಿದ್ದಾಗ ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದರು. ಅವರ ಬಿಳಿ ಕೋಟಿನ ತೋಳು ಗಿಡ್ಡ ಮಾಡಿಸಬೇಕಿತ್ತು. ಬಂದವರು ಕೋಟನ್ನು ಮರೆತು ಹಕ್ಕಿಯನ್ನೇ ನೋಡುತ್ತ ನಿಂತರು.

"ಫಿಟಿಂಗ್ ಚೆನ್ನಾಗಿದೆ ಮಾಸ್ಟ್ರೇ. ಆದ್ರೆ ಮೊದಲು ಇದನ್ನ ಬಿಚ್ಚಿ. ದಾರ ಕಾಲಿಗೆ ಸುತ್ಕೊಂಡ್ರೆ ಬೆರಳೇ ಹೋಗುತ್ತೆ. ಗುಂಡಿ ನುಂಗಿದ್ರೆ ಜೀವಕ್ಕೇ ಕುತ್ತು."

ಮಾಸ್ಟರು ಮುಖ ಸಣ್ಣದು ಮಾಡಿಕೊಂಡು ಜಾಕೆಟ್ಟು ಬಿಚ್ಚಿದರು. ಡಾಕ್ಟರಮ್ಮ ಅಂದೇ ಹಕ್ಕಿಯನ್ನು ಆಸ್ಪತ್ರೆಗೆ ಕರೆಸಿಕೊಂಡು ಗಾಯಕ್ಕೆ ಔಷಧ ಹಚ್ಚಿದರು, ರಕ್ತ ಪರೀಕ್ಷೆ ಮಾಡಿಸಿದರು. ಫಲಿತಾಂಶ ಬಂದ ಸಂಜೆ, ಕೋಟು ಒಯ್ಯುವ ನೆಪದಲ್ಲಿ ತಾವೇ ಮನೆಗೆ ಬಂದರು.

"ರೋಗ ಏನೂ ಕಾಣ್ತಿಲ್ಲ. ಈಗ ಹೇಳಿ, ದಿನವಿಡೀ ಇದು ಏನು ಮಾಡುತ್ತೆ?"

"ಮಾಡೋದೇನು ಬಂತು? ಕೂತಿರುತ್ತೆ," ಎಂದರು ಮಾಸ್ಟರು. "ಹೊತ್ತು ಹೊತ್ತಿಗೆ ಸೂರ್ಯಕಾಂತಿ ಬೀಜ, ನಮ್ಮ ಜೊತೆ ಚಹಾ, ಬಿಸ್ಕತ್ತು. ನನ್ನನ್ನ ಯಾರಾದ್ರೂ ಹೀಗೆ ಸಾಕಿದ್ರೆ ನಾನು ಸೂಜಿನೇ ಮುಟ್ತಿರಲಿಲ್ಲ."

ಹೆಂಡತಿಗೆ ನಗು ಬಂತು. "ಇವರಾ? ರಜೆ ದಿನ ಮಧ್ಯಾಹ್ನಕ್ಕೇ ಇವರ ಕೈ ಸುಮ್ಮನಿರಲ್ಲ ಡಾಕ್ಟರಮ್ಮ. ಮೊನ್ನೆ ಚೆನ್ನಾಗಿದ್ದ ಪರದೆನೇ ಬಿಚ್ಚಿ ಮತ್ತೆ ಹೊಲಿದ್ರು."

"ಜುಟ್ಟಪ್ಪನ ಕಥೆನೂ ಅದೇ," ಎಂದರು ಡಾಕ್ಟರಮ್ಮ. "ಕಾಡಲ್ಲಿದ್ದಿದ್ರೆ ತೊಗಟೆ ಸೀಳ್ತಿತ್ತು, ಕಾಯಿ ಒಡೀತಿತ್ತು, ಗುಂಪಿನ ಜೊತೆ ಹರಟೆ ಹೊಡೀತಿತ್ತು. ಇಲ್ಲಿ ಕೊಕ್ಕಿಗೆ ಕೆಲಸ ಇಲ್ಲ. ಅದಕ್ಕೇ ತನ್ನ ಮೈನೇ ಬಿಚ್ಕೊಳ್ತಿದೆ."

ಆ ಮಾತು ಮಾಸ್ಟರಿಗೆ ನಾಟಿತು. ಆದರೂ ಪಟ್ಟು ಬಿಡಲಿಲ್ಲ. "ಮಾತಿಗೇನೂ ಕಮ್ಮಿ ಇಲ್ಲ. ಕಿರುಚಿದಾಗೆಲ್ಲ ಓಡಿ ಬಂದು ಬೈತೀನಲ್ಲ."

"ಕಿರುಚಿದ್ರೆ ಮಾಸ್ಟ್ರು ಓಡಿ ಬರ್ತಾರೆ ಅಂತ ಅದು ಕಲಿತುಬಿಟ್ಟಿದೆ. ಸುಮ್ಮನಿದ್ದಾಗ ಬಂದು ಮಾತಾಡಿಸಿ, ತಲೆ ಸವರಿ. ಇನ್ನು ನಿದ್ದೆ. ಮಿಷನ್ನು, ಲೈಟು ನಿಲ್ಲೋವರೆಗೂ ಇದೂ ಎದ್ದೇ ಇರುತ್ತಲ್ವಾ? ಅದಕ್ಕೆ ಹತ್ತು ಹನ್ನೆರಡು ಗಂಟೆ ಕತ್ತಲೆ ಬೇಕು. ಸಂಜೆಯಾದ್ಮೇಲೆ ಒಳಕೋಣೆಗೆ ಸಾಗಿಸಿ."

"ಊಟಕ್ಕೆ ಏನು ಕೊಡಲಿ?" ಎಂದು ಹೆಂಡತಿ ಕೇಳಿದಳು.

"ಬರೀ ಬೀಜ ತಿಂದ್ರೆ ಬೊಜ್ಜು ಬರುತ್ತೆ. ಗಿಳಿಗಳಿಗೆಂದೇ ಮಾಡಿದ ಆಹಾರ ಅಂಗಡೀಲಿ ಸಿಗುತ್ತೆ, ಅದೇ ಮುಖ್ಯ ಊಟ. ಜೊತೆಗೆ ಸೊಪ್ಪು, ಕ್ಯಾರೆಟ್ಟು, ಒಂಚೂರು ಹಣ್ಣು. ಒಂದೇ ದಿನಕ್ಕೆ ಬದಲಾಯಿಸಬೇಡಿ, ನಿಧಾನವಾಗಿ ರೂಢಿ ಮಾಡ್ಸಿ. ಚಹಾ, ಚಾಕಲೇಟು, ಬೆಣ್ಣೆಹಣ್ಣು ಇದಕ್ಕೆ ವಿಷ ಅಂತ್ಲೇ ತಿಳ್ಕೊಳ್ಳಿ."

ಮರುದಿನದಿಂದ ಮನೆಯ ರೀತಿ ಬದಲಾಯಿತು. ಬಟ್ಟೆಯ ಥಾನಿನ ಒಳಗೆ ಬರುವ ರಟ್ಟಿನ ಕೊಳವೆಗಳನ್ನು ಮಾಸ್ಟರು ಇಷ್ಟು ದಿನ ಎಸೆಯುತ್ತಿದ್ದರು. ಈಗ ಅದರೊಳಗೆ ಎರಡು ಬೀಜ ಅಡಗಿಸಿ, ಬಿಳಿ ಕಾಗದ ತುರುಕಿ ಪಂಜರದಲ್ಲಿಟ್ಟರು. ಬಡಗಿಯ ಹತ್ತಿರ ಬಣ್ಣ ಬಳಿಯದ ಮರದ ತುಂಡುಗಳನ್ನು ಕೇಳಿ ತಂದರು. ಜುಟ್ಟಪ್ಪ ಮೊದಲ ದಿನ ಅನುಮಾನದಿಂದ ನೋಡಿತು. ಆಮೇಲೆ ಕಸ ಗುಡಿಸುವುದೇ ಮನೆಯವರಿಗೊಂದು ಕೆಲಸವಾಯಿತು. ಹೆಂಡತಿ ಹೊಸ ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿ ಬಿಸಿಲಿನ ಹೊತ್ತಿನಲ್ಲಿ ಮೆಲ್ಲಗೆ ಚಿಮುಕಿಸಿದರೆ ಅದು ರೆಕ್ಕೆ ಬಿಚ್ಚಿ ಕುಣಿಯುತ್ತಿತ್ತು. ಮಧ್ಯಾಹ್ನ ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಸೂಜಿ ದಾರ ಎತ್ತಿಟ್ಟು ಅದನ್ನು ಹೊರಗೆ ಬಿಡುತ್ತಿದ್ದರು. ಮಾಸ್ಟರ ಭುಜದ ಮೇಲೆ ಕೂತು ಅವರ ಕಿವಿಯ ಹತ್ತಿರ ಅದು ಏನೇನೋ ಗೊಣಗುತ್ತಿತ್ತು. ಅವರೂ ಗೊಣಗುತ್ತಿದ್ದರು.

ಹಲವು ವಾರ ಕಳೆದವು. ಒಂದು ಬೆಳಿಗ್ಗೆ ಹೆಂಡತಿ ಕೂಗಿ ಕರೆದಳು. "ರೀ, ಬನ್ನಿ ಇಲ್ಲಿ." ಬೋಳಾಗಿದ್ದ ಎದೆಯ ಮೇಲೆ ಎಳೆ ಗರಿಗಳು ಅಕ್ಕಿಕಾಳಿನಷ್ಟು ಮೊಳೆತಿದ್ದವು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಾಸ್ಟರು ಹೋಗಿ ಡಾಕ್ಟರಮ್ಮನನ್ನು ಕರೆತಂದರು. ಅವರು ನೋಡಿ, "ಎಲ್ಲಾ ಗರಿ ಬರದೇ ಇರಬಹುದು. ಆದ್ರೆ ಇದು ನೆಮ್ಮದಿಯಾಗಿದೆ," ಎಂದರು. ಅಷ್ಟೇ ಸಾಕಿತ್ತು.

ಇದನ್ನೆಲ್ಲ ನೋಡಿ ಎದುರಿನ ಪಾತ್ರೆ ಅಂಗಡಿಯವನಿಗೆ ಆಸೆಯಾಯಿತು. "ಮಾಸ್ಟ್ರೇ, ನನಗೂ ಒಂದು ಕೊಡಿಸಿ. ಅಂಗಡಿ ಮುಂದೆ ತೂಗುಹಾಕ್ತೀನಿ, ಗಿರಾಕಿ ಬರ್ತಾರೆ."

"ನಿನ್ನ ವಯಸ್ಸೆಷ್ಟಪ್ಪ?"

"ಐವತ್ತಾಯ್ತು."

"ಇದು ನಲವತ್ತು ವರ್ಷ ಬದುಕುತ್ತೆ, ಇನ್ನೂ ಹೆಚ್ಚು ಬದುಕಿದ್ರೂ ಬದುಕೀತು. ನಿನ್ನ ಕಾಲ ಆದ್ಮೇಲೆ ಇದನ್ನ ಯಾರು ನೋಡ್ಕೋತಾರೆ, ದಿನಾ ಇದರ ಜೊತೆ ಯಾರು ಕೂರ್ತಾರೆ ಅಂತ ಮನೇಲಿ ಕೇಳ್ಕೊಂಡು ಬಾ. ಆಮೇಲೆ ಮಾತಾಡೋಣ."

ಪಾತ್ರೆಯವನು ಮತ್ತೆ ಆ ಮಾತೆತ್ತಲಿಲ್ಲ. ಗಿರಾಕಿ ಬರಲೆಂದು ಅಂಗಡಿಯ ಬೋರ್ಡಿಗೇ ಹೊಸ ಬಣ್ಣ ಹೊಡೆಸಿಕೊಂಡ.

ಓದುತ್ತಿರುವ ಅಕ್ಕ, ಅಣ್ಣ, ಕಾಕಟೂ ತರುವ ಯೋಚನೆ ನಿಮಗಿದ್ದರೆ ಮಾಸ್ಟರ ಪ್ರಶ್ನೆಗೆ ಮೊದಲು ಉತ್ತರ ಹುಡುಕಿ, ಸಾಕಲು ಕಾನೂನಿನ ಒಪ್ಪಿಗೆ ಬೇಕೇ ಎಂದು ವಿಚಾರಿಸಿ. ಈಗಾಗಲೇ ಮನೆಯಲ್ಲಿದ್ದರೆ ರೆಕ್ಕೆ ಪೂರ್ತಿ ಬಿಚ್ಚುವಷ್ಟು ದೊಡ್ಡ ಪಂಜರ ಕೊಡಿ. ಅಡುಗೆಯ ಹೊಗೆ, ಸೊಳ್ಳೆ ಬತ್ತಿ, ಕಾದ ನಾನ್‌ಸ್ಟಿಕ್ ಬಾಣಲೆಯಿಂದ ದೂರವಿಡಿ. ಗರಿ ಕೀಳುವುದು ಕಂಡರೆ ಮನೆಮದ್ದಿಗೆ ಕೈಹಾಕದೆ ಪಶುವೈದ್ಯರ ಹತ್ತಿರ ಒಯ್ಯಿರಿ. ಇವತ್ತು, ಅದು ಕಿರುಚುವ ಮೊದಲೇ, ಹೋಗಿ ಅದರ ಹತ್ತಿರ ಸ್ವಲ್ಪ ಹೊತ್ತು ಕೂತುಕೊಳ್ಳಿ.