ಬಾಗಿಲಿಗೆ ಒತ್ತಾಗಿದ್ದ ಮೂಟೆ

ಏನ್ರೋ, ಅಜ್ಜನಿಗೆ ಅರಳುಮರಳು ಅಂತ ಗ್ರೂಪಲ್ಲಿ ಬರೆದಿದ್ದೀರಾ? ಹೆಂಡತಿ ಫೋನ್ ನಂಬರ್ ನೆನಪಿಲ್ಲ ನಿಮಗೆ, ನನ್ನ ನೆನಪಿನ ಬಗ್ಗೆ ಮಾತಾಡ್ತೀರಾ! ಬಾಯಿ ಮುಚ್ಚಿ ಈ ವಾಯ್ಸ್ ಮೆಸೇಜ್ ಕೇಳಿ.

ಆಗ ನಾನು ಖಜಾನೆಗೆ ಗುಮಾಸ್ತನಾಗಿ ಸೇರಿ ಮೂರು ತಿಂಗಳು. ತೆರಿಗೆ ಕಟ್ಟಿದ ಚಲನ್‌ಗಳು ಬ್ಯಾಂಕಿಂದ ನಮ್ಮ ಕೋಣೆಗೆ ಬರೋವು. ಕಂಪನಿಗಳದ್ದು ಕೆಂಪು ಫೈಲಲ್ಲಿ, ನೇರ ಸಾಹೇಬರ ಮೇಜಿಗೆ. ಜನರ ಸಂಬಳದಲ್ಲಿ ಹಿಡಿದದ್ದು ಗೋಣಿಚೀಲದಲ್ಲಿ, ನೆಲಕ್ಕೆ. ನಾವು ಪುಸ್ತಕಕ್ಕೆ ಏರಿಸಿದಷ್ಟೇ ಹಣದ ಬಿಲ್ಲುಗಳಿಗೆ ಸಾಹೇಬರ ಸಹಿ. ಒಂದು ರೂಪಾಯಿ ಹೆಚ್ಚಿಗೆ ಹಾಕೋ ಆಸಾಮಿ ಅಲ್ಲ.

ಗಾಳಿಗೆ ಬಾಗಿಲು ದಡದಡ ಬಡ್ಕೊಳ್ತಿತ್ತು. ಒಂದು ಮೂಟೆ ಎಳೆದು ಒತ್ತು ಕೊಟ್ಟೆ. ಮರೆತೇಬಿಟ್ಟೆ.

ತಿಂಗಳ ಕೊನೇ ದಿನ ಸಾಹೇಬರು ಪೆನ್ನು ಕೆಳಗಿಟ್ರು. "ಹಣ ಸಾಲಲ್ಲ. ಆಸ್ಪತ್ರೆಯವರ ಸಂಬಳ ನಿಲ್ಲಿಸಿ."

ನನ್ನ ಅಕ್ಕ ಅದೇ ಸರ್ಕಾರಿ ಆಸ್ಪತ್ರೆ ನರ್ಸು. ಭಾವ ಕಾಲು ಮುರ್ಕೊಂಡು ಮಲಗಿದ್ರು, ಅವಳ ಸಂಬಳ ಬಿಟ್ರೆ ಆ ಮನೆಗೆ ಗತಿಯಿಲ್ಲ.

"ಯಾವುದೋ ದೊಡ್ಡ ಕಂಪನಿ ಕೈಕೊಟ್ಟಿದೆ" ಅಂತ ಎಲ್ಲರೂ ಕೆಂಪು ಫೈಲುಗಳನ್ನೇ ಕೆದಕಿದ್ದೂ ಕೆದಕಿದ್ದೇ. ಆಗ ನಮ್ಮ ಹಿರಿಯ ಗುಮಾಸ್ತೆ, ದೊಡ್ಡಮ್ಮ ಅಂತಿದ್ವಿ, ಒಳಗೆ ಬರ್ತಾ ಎಡವಿದ್ರು.

"ಯಾವ ಪುಣ್ಯಾತ್ಮನೋ ಇದನ್ನಿಲ್ಲಿ ಇಟ್ಟಿದ್ದು?"

"ನಾನೇ, ದೊಡ್ಡಮ್ಮ."

"ನಿನ್ನ ತಲೇಲಿ ಏನು ತುಂಬಿದೆಯೋ? ಸುರಿ ಕೆಳಗೆ!"

ಸುರಿದ್ರೆ ಅಷ್ಟೂ ಸಂಬಳದ ತೆರಿಗೆ ಚಲನ್, ಒಂದೂ ಪುಸ್ತಕಕ್ಕೆ ಏರಿಲ್ಲ! ಕೂತ್ವಿ, ಏಳು ಜನ. ಒಬ್ಬರು ಓದೋದು, ಒಬ್ಬರು ಬರೆಯೋದು. ಬಸ್ ಡ್ರೈವರು, ಮೇಷ್ಟ್ರು, ಫಿಟ್ಟರು, ಟೈಪಿಸ್ಟು. ಒಬ್ಬೊಬ್ಬರದ್ದೂ ಚಿಲ್ಲರೆ. ಓದ್ತಾ ಓದ್ತಾ ಗಂಟಲು ಒಣಗ್ತು, ಚೀಟಿ ಮಾತ್ರ ಮುಗೀಲಿಲ್ಲ. ಮಧ್ಯದಲ್ಲಿ ಅಕ್ಕನ ಆಸ್ಪತ್ರೆಯವರು ಕಟ್ಟಿದ ತೆರಿಗೆ ಪಟ್ಟಿ ಬಂತು, ಅದರಲ್ಲಿ ಅವಳ ಹೆಸರೂ ಇತ್ತು. ಅವಳ ಸಂಬಳಕ್ಕೆ ಆ ಡ್ರೈವರು ಕೊಟ್ಟಿದ್ದಾನೆ, ಅವನು ಓಡಿಸೋ ರಸ್ತೆಗೆ ಇವಳು ಕೊಟ್ಟಿದ್ದಾಳೆ, ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ!

ಕೊನೆಗೆ ದೊಡ್ಡಮ್ಮ ಒಟ್ಟು ಮೊತ್ತ ಕೂಗಿದ್ರು. ಕೆಂಪು ಫೈಲು ಅಷ್ಟನ್ನೂ ಕೂಡಿಸಿದ್ರೂ ಅದರ ಅರ್ಧಕ್ಕೆ ಬರಲ್ಲ. ನನ್ನ ಮೈಯೆಲ್ಲ ಜುಮ್ಮಂತು. ಇಷ್ಟು ದೊಡ್ಡ ಸರ್ಕಾರ ಇವರ ಹೆಗಲ ಮೇಲೆ ಕೂತಿದೆಯಾ ಅಂತ!

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸ್ಕೊಂಡ್ರು. "ಇಪ್ಪತ್ತು ವರ್ಷದಿಂದ ಸಹಿ ಹಾಕ್ತಿದ್ದೀನಯ್ಯ. ಯಾರ ದುಡ್ಡು ಅಂತ ಇವತ್ತು ನೋಡಿದೆ."

ಆಸ್ಪತ್ರೆ ಬಿಲ್ಲಿಗೆ ಸಹಿ ಬಿತ್ತು. ನನ್ನ ಕೆಲಸ ಉಳೀತು, ಒಂದು ದಿನದ ಸಂಬಳ ಹೋಯ್ತು. ಮಾರನೇ ದಿನ ಅಕ್ಕನ ಕೈಗೆ ದುಡ್ಡು ಬಂತು. "ಎಷ್ಟೊಂದು ಹಿಡಿದಿದ್ದಾರೆ ನೋಡೋ, ಕಳ್ಳರು!" ಅಂತ ಬೈದ್ಲು.

ಈಗ ಅವಳ ಮೊಮ್ಮಗಳೂ ಸಂಬಳದ ಚೀಟಿ ನೋಡಿ ಹಾಗೇ ಬೈತಾಳಂತೆ. ಬೈಲಿ ಬಿಡಿ, ಅವಳ ದುಡ್ಡು. ಆದ್ರೆ ಇದನ್ನ ಮೊದಲು ಅವಳಿಗೆ ಕಳಿಸ್ರಪ್ಪ, ಆಮೇಲೆ ಸಂಬಳ ತಗೊಳ್ಳೋರು ಯಾರ್ಯಾರಿದ್ದಾರೋ ಅವರಿಗೆಲ್ಲ.