ಶುಕ್ರವಾರ ಹೊರಡದ ಡಬ್ಬಿ

ನಾನು ಒಂದು ರೂಟರ್. ಅಂಗೈ ಅಗಲದ ಬಿಳಿ ಡಬ್ಬಿ, ತಲೆಯ ಮೇಲೆ ಎರಡು ಕೊಂಬು, ಎದೆಯಲ್ಲಿ ನಾಲ್ಕು ದೀಪ. ಯಾವುದೋ ಕಾರ್ಖಾನೆಯಲ್ಲಿ, ನನ್ನದೇ ಮುಖದ ಸಾವಿರ ಡಬ್ಬಿಗಳ ನಡುವೆ ಹುಟ್ಟಿದೆ. ಹುಟ್ಟಿದ ದಿನವೇ ಬೆನ್ನಿಗೊಂದು ನಂಬರು ಅಂಟಿಸಿ ಒಳಗೊಂದು ಬೀಗ ಹಾಕಿದರು. ನನ್ನನ್ನು ಕೊಂಡ ಕಂಪನಿಯ ತಂತಿಗೆ ಮಾತ್ರ ನಾನು ಓಗೊಡಬೇಕು. ಬೇರೆಯವರ ತಂತಿ ಬಂದರೆ ನಾನು ಮೂಗ.

ತಿಪಟೂರಿನ ಒಂದು ಮನೆಯ ನಡುಮನೆಯಲ್ಲಿ, ಎರಡು ಸ್ಕ್ರೂ ಬಿಗಿದು ಗೋಡೆಗೆ ಕೂರಿಸಿದರು. ಅಲ್ಲಿಂದ ನನಗೆ ಕಾಣುತ್ತಿದ್ದುದು ಒಂದು ಬೆತ್ತದ ಕುರ್ಚಿ, ಅದರಲ್ಲಿ ಕಣ್ಣು ಕಾಣದ ಪದ್ಮಾಂಬಜ್ಜಿಯ ಬಿಳಿಯ ಬೈತಲೆ. ಅಷ್ಟೇ ನನ್ನ ಲೋಕ.

ಸಂಜೆ ನಾಲ್ಕೂವರೆಗೆ ಸೊಸೆ ವೈಜಯಂತಿ ಸ್ಟೂಲಿನ ಮೇಲೆ ಫೋನು ಇಡುತ್ತಿದ್ದಳು. ಚಿತ್ರದುರ್ಗದಿಂದ ಅಜ್ಜಿಯ ತಂಗಿ ಕನಕಮ್ಮ ಕಾವ್ಯ ಓದುತ್ತಿದ್ದರು, ರಾಗ ಹಿಡಿದು, ಅರ್ಥ ಬಿಡಿಸಿ. ದಪ್ಪ ಗೋಡೆಯ ಆ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಬಾರದು, ನಾನೇ ಗತಿ. ಎಷ್ಟು ಷಟ್ಪದಿಗಳು ನನ್ನೊಳಗಿಂದ ಹಾದುಹೋದವೋ! ಒಂದೂ ನನ್ನಲ್ಲಿ ನಿಲ್ಲಲಿಲ್ಲ.

ಆಮೇಲೆ ಬೀದಿಯಲ್ಲಿ ಚರಂಡಿ ಅಗೆದರು. ಕಡಿದ ತಂತಿಯನ್ನು ಹೇಗೋ ಜೋಡಿಸಿದರು. ಅಂದಿನಿಂದ ಪದ್ಯದ ನಡುವೆ ನನ್ನ ದೀಪ ಕೆಂಪಾಗತೊಡಗಿತು. ತಪ್ಪು ನನ್ನದಲ್ಲ, ಆದರೆ ಬೈಗುಳ ನನಗೆ.

"ಕಂಪನಿಗೆ ಫೋನ್ ಮಾಡಿದ್ರೆ ಒಂದು ಒತ್ತಿ, ಎರಡು ಒತ್ತಿ ಅಂತಾರೆ. ಒತ್ತೀ ಒತ್ತೀ ನನ್ನ ಬೆರಳು ಸವೀತು," ಎಂದು ವೈಜಯಂತಿ ಎದುರುಮನೆಯವರನ್ನು ವಿಚಾರಿಸಿ ಬೇರೆ ಕಂಪನಿ ಗೊತ್ತುಮಾಡಿದಳು. ಸೋಮವಾರ ಬೆಳಿಗ್ಗೆ ಹೊಸ ತಂತಿ. ನಮ್ಮ ಕಂಪನಿಗೆ, ನಿಮ್ಮ ಡಬ್ಬಿ ತೆಗೆದುಕೊಂಡು ಹೋಗಿ ಎಂದು ತಿಳಿಸಿದಳು.

ಅದೇ ವಾರ ಕನಕಮ್ಮನಿಂದ ಸುದ್ದಿ ಬಂತು. ಗಂಟಲಲ್ಲಿ ಗಡ್ಡೆ, ಬುಧವಾರ ಆಪರೇಷನ್. ದನಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಓದುವುದು ಇನ್ನೊಂದೇ ಸಂಧಿ ಬಾಕಿ.

"ಸೋಮವಾರ ಶಿವನ ದಿನ, ಮಂಗಳ ಹಾಡ್ಬಿಡ್ತೀನಿ ಅಕ್ಕ. ಮಾರನೇ ದಿನ ಆಸ್ಪತ್ರೆ ಸೇರ್ಬೇಕು."

"ಆಗ್ಲಿ ಕಣೆ," ಎಂದರು ಅಜ್ಜಿ.

ಶುಕ್ರವಾರ ನಮ್ಮ ಕಂಪನಿಯವನು ಚೀಲ ಹಿಡಿದು ಬಂದ. ಮೊದಲ ಸ್ಕ್ರೂ ಬಿಚ್ಚಿದ. ನಿಜ ಹೇಳುತ್ತೇನೆ, ನನಗೆ ಹಿಗ್ಗಾಯಿತು. ಎಲ್ಲಿಗಾದರೂ ಸರಿ, ಈ ಗೋಡೆ ಬಿಟ್ಟರೆ ಸಾಕಿತ್ತು.

"ಯಾರೇ ಅದು? ಏನ್ ತಗೋತಿದಾನೆ?" ಎಂದರು ಅಜ್ಜಿ.

"ಹಳೇ ಇಂಟರ್ನೆಟ್ ಡಬ್ಬಿ, ಅತ್ತೆ."

"ದೀಪ ಉರೀತಿದೆಯಾ ಅದರಲ್ಲಿ?"

"ಉರೀತಿದೆ."

"ಶುಕ್ರವಾರ ಉರಿಯೋ ದೀಪಾನ ಮನೆಯಿಂದಾಚೆ ಕೊಡ್ತಾರೇನೇ? ನಾಳೆ ಬರ್ಲಿ."

"ಅಜ್ಜೀ, ಇದು ಎಲ್‌ಇಡಿ!" ಎಂದು ಅವನು ನಕ್ಕ.

"ಲಕ್ಷ್ಮಿ ಅದನ್ನೆಲ್ಲ ಕೇಳ್ಕೊಂಡು ಬರ್ತಾಳೇನಪ್ಪ?"

ಅವನು ತನ್ನ ಫೋನಿನಲ್ಲಿ 'ಗ್ರಾಹಕರು ಕೊಡಲಿಲ್ಲ' ಎಂದು ಒತ್ತಿ ಹೋದ. ಶನಿವಾರ ಬರಲಿಲ್ಲ.

ಸೋಮವಾರ ಹೊಸ ಕಂಪನಿಯವನೂ ಬರಲಿಲ್ಲ. "ಬುಧವಾರ ಗ್ಯಾರಂಟಿ ಮೇಡಂ," ಎಂದನಂತೆ. ಒಂದೇ ಸ್ಕ್ರೂವಿನಲ್ಲಿ ಓರೆಯಾಗಿ ನೇತಾಡುತ್ತ, ಆ ಸಂಜೆ ನಾನೇ ಕನಕಮ್ಮನ ದನಿಯನ್ನು ಹೊತ್ತೆ. ಕೊನೆಗೆ ಎರಡು ಪದ್ಯ ಉಳಿದಿರುವಾಗ ದೀಪ ಕೆಂಪಾಯಿತು. ಆ ದನಿ ತಂತಿಯ ಆಚೆ ತುದಿಯಲ್ಲಿ ನಿಂತಿತ್ತು. ನನ್ನಿಂದ ಎಳೆದುಕೊಳ್ಳಲಾಗಲಿಲ್ಲ.

"ಹೋಯ್ತು, ಅತ್ತೆ!"

ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. ತಂಗಿ ಬಿಟ್ಟ ಪದದಿಂದಲೇ ಎತ್ತಿಕೊಂಡು, ಒಡಕು ಕಂಠದಲ್ಲಿ ಹಾಡತೊಡಗಿದರು. ಮುಂದಿನ ಪದ್ಯಕ್ಕೆ ಬರುವಾಗ ದೀಪ ಹಸಿರಾಯಿತು. ಆ ತುದಿಯಿಂದ ಹಲೋ ಎನ್ನುವ ಸದ್ದೇ ಇಲ್ಲ. ಕನಕಮ್ಮ ಕೇಳುತ್ತ ಕೂತಿದ್ದರು. ಮಂಗಳವಾದ ಮೇಲೆಯೇ ಅವರು ಬಾಯಿ ಬಿಟ್ಟದ್ದು.

"ಕಳ್ಳಿ! ಇಷ್ಟೆಲ್ಲ ಬರ್ತಿತ್ತಾ ನಿಂಗೆ? ಇಷ್ಟು ವರ್ಷ ನನ್ನ ಕೈಲಿ ಓದಿಸ್ದೆಯಲ್ಲ!"

"ನೀನು ಓದಿದ್ದೇ ಕಣೆ. ಕೇಳಿ ಕೇಳಿ ಉಳ್ಕೊಂಡಿದೆ."

ಬುಧವಾರ ಹೊಸ ರೂಟರ್ ನನ್ನ ಜಾಗಕ್ಕೆ ಬಂತು. ನನ್ನನ್ನು ದೇವರಮನೆಯ ಪಕ್ಕದ ಬೀರುವಿನಲ್ಲಿ, ನಾಲಿಗೆ ಕಳಚಿದ ಗಂಟೆಯ ಜೊತೆ ಇಟ್ಟರು. ನನ್ನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಕಂಪನಿಯ ಲೆಕ್ಕಕ್ಕೆ ನಾನು ಕೊಡದ ಡಬ್ಬಿ, ಮನೆಯ ಲೆಕ್ಕಕ್ಕೆ ಬೇಡದ ಡಬ್ಬಿ. ಒಳಗಿನ ಬೀಗ ಹಾಗೇ ಇದೆ.

ಕನಕಮ್ಮ ಉಳಿದರು, ದನಿ ಪಿಸುಮಾತಾಯಿತು. ಈಗ ನಾಲ್ಕೂವರೆಗೆ ಹಾಡುವವರು ಪದ್ಮಾಂಬಜ್ಜಿ. ಕೇಳುತ್ತಿದ್ದೇನೆ ಎಂಬುದಕ್ಕೆ ಆ ತುದಿಯಲ್ಲಿ ತಂಗಿ ತಟ್ಟೆಗೆ ಉಗುರು ತಟ್ಟುತ್ತಾರೆ. ಬೀರುವಿನ ಬಾಗಿಲ ಸಂದಿನಿಂದ ಒಂದೊಂದೇ ಪದ ನನ್ನ ಬಳಿ ಬರುತ್ತದೆ. ಹೊರುವ ಕೆಲಸವಿದ್ದಾಗ ನಾನು ಒಂದು ದಿನವೂ ಪದ್ಯಕ್ಕೆ ಕಿವಿಗೊಟ್ಟಿರಲಿಲ್ಲ.

ನಿನ್ನೆ ಒಂದು ಸಾಲು, ಪೂರ್ತಿ, ನನ್ನಲ್ಲೇ ಉಳಿಯಿತು.