ತುಲಾಭಾರದ ಬೆಲ್ಲ

ನೀಲಿ, ಇನ್ನೂ ನೀಲಿಯೇ, ಡಾಕ್ಟರು ಗಾಜಿನ ಕೊಳವೆಯನ್ನು ಇಕ್ಕಳದಲ್ಲಿ ಹಿಡಿದು ಸ್ಪಿರಿಟ್ ದೀಪದ ಮೇಲೆ ಆಡಿಸುತ್ತಿದ್ದಾರೆ, ಒಳಗಿನ ನೀರು ಪಂಚೆಗೆ ಹಾಕುವ ನೀಲಿಯ ಬಣ್ಣದ್ದೇ, ಅದಕ್ಕೆ ನನ್ನ ಮಗಳ ಉಚ್ಚೆ ಎಂಟೇ ಎಂಟು ತೊಟ್ಟು ಬಿಟ್ಟರು, ನೀಲಿಯಾಗೇ ಉಳಿದ್ರೆ ಏನೂ ಇಲ್ಲ ತಾಯಿ, ಹಸಿರು, ಹಳದಿ ಆದ್ರೆ ಸಕ್ಕರೆ ಹೋಗ್ತಿದೆ ಅಂತ, ಇಟ್ಟಿಗೆ ಕೆಂಪಾದ್ರೆ — ಅಂದು ನಿಲ್ಲಿಸಿಬಿಟ್ಟರು ಈ ಷಡಕ್ಷರಪ್ಪ ಡಾಕ್ಟರು, ಕೆಂಪಾದರೆ ಏನಂತ ಬಾಯಿ ಬಿಟ್ಟು ಹೇಳಬಾರದೆ, ಅರ್ಧ ಮಾತು ನುಂಗಿಕೊಂಡು ಹೆತ್ತವಳ ಪ್ರಾಣ ತಿನ್ನುತ್ತಾರೆ, ನೀಲಿಯಾಗೇ ಇರಲಿ, ಮಾಲೇಕಲ್ಲು ವೆಂಕಟರಮಣ, ನಿನ್ನ ಮೈಬಣ್ಣವೇ ಅಲ್ಲವೇನಪ್ಪ ಅದು. ಪಕ್ಕದಲ್ಲಿ ಚೆಲುವಾಂಬ ಏದುಸಿರು ಬಿಡುತ್ತ ಕೂತಿದ್ದಾಳೆ, ಹತ್ತು ವರ್ಷದ ಹುಡುಗಿ, ಅರ್ಧ ಬೆಂಚು ಅವಳಿಗೇ ಬೇಕು, ಅಮ್ಮಾ ನೀರು, ಈಗ ತಾನೇ ಕುಡಿದೆಯಲ್ಲೇ, ಇನ್ನೊಂದು ಚೂರು ಅಮ್ಮ, ಜಾವಗಲ್ಲಿನಿಂದ ಅರಸೀಕೆರೆ ತಲುಪುವಷ್ಟರಲ್ಲಿ ಕೂಜ ಬರಿದಾಯಿತು, ಎರಡು ಸಲ ಬಸ್ಸು ನಿಲ್ಲಿಸಿ ಬೇಲಿ ಮರೆಗೆ ಕರೆದುಕೊಂಡು ಹೋದೆ, ಆ ಕಂಡಕ್ಟರನ ಬಾಯಿಗೆ ಮಣ್ಣು ಹಾಕ, ಏನ್ರಮ್ಮಾ ಇದುಕ್ಕೆ ಆಫ್ ಟಿಕೀಟಾ, ಎಲ್ಡು ಸೀಟು ಹಿಡ್ಕಂಡೈತಲ್ಲ ಕೂಸು ಅಂದ, ಬಸ್ಸಿಗೆ ಬಸ್ಸೇ ನಕ್ಕಿತು, ಚೆಲುವಿಯೂ ನಕ್ಕಳು. ಮೊದಲಾಗಿದ್ದರೆ ಇಂಥ ಮಾತಿಗೆ ನಾನು ಬೀಗುತ್ತಿದ್ದೆ, ಮನೆಗೆ ಹೋಗಿ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕುತ್ತಿದ್ದೆ. ಈಗ ಬೀಗುವುದಕ್ಕೆ ಏನಿದೆ, ಪಾತ್ರೆ ತಿಕ್ಕುವ ಸುವರ್ಣಮ್ಮ ಮೊನ್ನೆ ಹಿತ್ತಿಲಿಂದ ಕೂಗಿದ್ದು ಕಿವಿಯಲ್ಲೇ ಇದೆ, ಅಮ್ಮಾರೇ, ಬಚ್ಚಲ ಮೋರಿತಾವ ಇರುವೆ ಮುತ್ಕಂಡವೆ, ಬೆಲ್ಲದ ನೀರೇನಾರ ಚೆಲ್ಲಿದ್ರಾ, ಇಲ್ಲ ಕಣೇ ಅಂದೆ, ಹೋಗಿ ನೋಡಿದೆ, ಚೆಲುವಿ ಉಚ್ಚೆಗೆ ಕೂತೆದ್ದ ಜಾಗದಲ್ಲಿ ಸಾಲುಸಾಲು. ಆ ಕತ್ತು ಬೇರೆ, ಕತ್ತಿನ ಸುತ್ತ ಮಸಿ ಬಳಿದ ಹಾಗೆ ಕಪ್ಪು, ಕೊಳಕಿ, ಸರಿಯಾಗಿ ಮೈ ತೊಳೆಯೋಕೆ ಬರಲ್ವಾ ಅಂತ ಬೈದು ಕಡಲೆಹಿಟ್ಟು ಹಾಕಿ ಉಜ್ಜಿದೆ, ಹೋಗಲಿಲ್ಲ, ತೆಂಗಿನ ನಾರು ಹಿಡಿದು ಉಜ್ಜಿದೆ, ರಕ್ತ ಜಿನುಗಿತು, ಹುಡುಗಿ ಅರಚಿಕೊಂಡಳು, ಬಾಯಿ ಮುಚ್ಚು ಅಂದೆ — ಈಗ ಡಾಕ್ಟರು ಆ ಗಾಯ ನೋಡಿ, ಇದು ಕೊಳೆ ಅಲ್ಲ ತಾಯಿ, ದಪ್ಪ ಇರೋ ಕೆಲವರಿಗೆ ಹೀಗೆ ಬರುತ್ತೆ, ಯಾರು ಹೀಗೆ ಉಜ್ಜಿದ್ದು ಅಂದರು, ನಾನು ನೆಲ ನೋಡಿದೆ, ಚೆಲುವಿ ನನ್ನ ಹೆಸರು ಹೇಳಲಿಲ್ಲ.

ಹೇಳಬೇಕಿತ್ತು, ಹೇಳಿದ್ದರೆ ನನಗಾದರೂ ಹಗುರಾಗುತ್ತಿತ್ತು. ನಾನೇನು ಬೇಕಂತ ಮಾಡಿದೆನೆ, ಮೊದಲನೆಯವನನ್ನು ಕಳೆದುಕೊಂಡವಳಿಗೆ ಗೊತ್ತು, ಯೋಗನರಸಿಂಹ ಅಂತ ಇಟ್ಟ ಹೆಸರೇ ಆ ಕೂಸಿಗಿಂತ ಭಾರವಾಗಿತ್ತು, ನಾಲ್ಕು ವರ್ಷ ಬದುಕಿದ, ಎತ್ತಿಕೊಂಡರೆ ಪಕ್ಕೆಲುಬು ಕೈಗೆ ಸಿಗುತ್ತಿತ್ತು, ಕೊನೆಗೆ ಗುಟುಕು ನೀರೂ ಇಳಿಯಲಿಲ್ಲ, ಅತ್ತೆ ಶ್ರೀರಂಗಮ್ಮನವರು ಎಲ್ಲರೆದುರಿಗೇ ಅಂದರು, ಯದುಗಿರಿಗೆ ಮಕ್ಕಳನ್ನ ಸಾಕೋ ಕೈಗುಣ ಇಲ್ಲ ಅಂತ, ಹೆಣ ಇನ್ನೂ ಮನೆಯಲ್ಲಿತ್ತು. ಹಾಗಾಗಿ ಇವಳು ಮೂರು ತಿಂಗಳ ಕೂಸಾಗಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿದಾಗ ವೆಂಕಟರಮಣನಿಗೆ ಹರಕೆ ಹೊತ್ತೆ, ಇದೊಂದನ್ನು ಉಳಿಸಿಕೊಡಪ್ಪ, ಇವಳ ತೂಕದ ಬೆಲ್ಲ ನಿನ್ನ ಬೆಟ್ಟಕ್ಕೆ ತಂದು ಸುರಿಯುತ್ತೇನೆ, ಉಳಿಸಿದ, ಬಾಯಿಗೆ ಅನ್ನ ಮುಟ್ಟಿಸಿದ ದಿನದಿಂದ ನಾನು ತುರುಕಲು ಶುರುಮಾಡಿದೆ, ತುಪ್ಪದನ್ನ, ಮೇಲೆ ಹುಗ್ಗಿ, ಅದರ ಮೇಲೆ ಕೆನೆಮೊಸರು, ಸಾಕಮ್ಮ ಅಂದರೆ ಇದೊಂದು ತುತ್ತು ಅಣ್ಣನ ಹೆಸರಲ್ಲಿ ಅಂತ, ಸತ್ತವನ ಪಾಲನ್ನೂ ಇವಳ ಬಾಯಿಗೇ ಇಟ್ಟೆ. ಇವರು, ಮೇಷ್ಟ್ರು, ಊರ ಮಕ್ಕಳಿಗೆಲ್ಲ ಬೆತ್ತ ತೋರಿಸುವವರು ಮನೆಯಲ್ಲಿ ದನಿ ಎತ್ತರು, ಹರಕೆ ತೀರಿಸೋಣ ಕಣೇ ಅಂತ ವರ್ಷವರ್ಷ ಅಂದರು, ಇನ್ನೊಂದು ವರ್ಷ ಹೋಗಲಿ, ಮಗು ಇನ್ನೂ ಮೈತುಂಬಿ ಬೆಳೀಲಿ, ದೇವರಿಗೆ ಕಡಿಮೆ ಯಾಕೆ ಕೊಡಬೇಕು ಅಂತ ನಾನೇ ಮುಂದಕ್ಕೆ ಹಾಕಿದೆ. ಕಳೆದ ಶ್ರಾವಣದಲ್ಲಿ ಹೋದೆವು, ಹತ್ತು ಮೆಟ್ಟಿಲಿಗೊಮ್ಮೆ ಕೂತಳು, ಮೇಲೆ ತಕ್ಕಡಿಯಲ್ಲಿ ಕೂರಿಸಿದರು, ಆ ಕಡೆ ಬೆಲ್ಲದ ಅಚ್ಚು ಇಡುತ್ತಾರೆ, ಇಡುತ್ತಾರೆ, ಇವಳ ತಟ್ಟೆ ಮೇಲೇಳುವುದೇ ಇಲ್ಲ, ಇನ್ನೊಂದು ಹಾಕ್ರಪ್ಪಾ ಅಂತ ಜನ ಕೂಗಿದರು, ಈಗ ಸೇರು ಮಣ ಹೋಗಿ ಕಿಲೋ ಬಂದಿದೆಯಲ್ಲ, ಐವತ್ತೊಂದು ಕಿಲೋ ಅಂದರು, ನಾನು ಅತ್ತೆಯ ಮುಖ ನೋಡಿದೆ, ನೋಡಿ, ನನ್ನ ಕೈಗುಣ ನೋಡಿ ಅಂತ, ಅಷ್ಟು ಸೊಕ್ಕು ನನಗೆ. ಅರ್ಧ ಬೆಲ್ಲ ದೇವರಿಗೆ, ಅರ್ಧ ಪ್ರಸಾದ ಅಂತ ತಿರುಗಿ ಕೊಟ್ಟರು, ಕೇರಿಗೆಲ್ಲ ಹಂಚಬೇಕಾದದ್ದು, ಹಂಚಿಬಿಡು ಅಂದರು ಇವರು, ನಾನು ಎರಡು ಅಚ್ಚು ಮುರಿದು ಹಂಚಿದ ಶಾಸ್ತ್ರ ಮಾಡಿ ಉಳಿದದ್ದನ್ನು ದೊಡ್ಡ ಡಬ್ಬದಲ್ಲಿ ತುಂಬಿ ಅಟ್ಟಕ್ಕೆ ಏರಿಸಿದೆ, ಅದು ಬರೀ ಬೆಲ್ಲವೇ, ನನ್ನ ಮಗಳ ಸರಿಸಮ ತೂಗಿದ್ದು, ಅವಳ ಆಯುಸ್ಸು, ಅದನ್ನು ಕಂಡವರ ಮನೆಗೆ ಕೊಟ್ಟರೆ ಅವಳನ್ನೇ ಕೊಟ್ಟ ಹಾಗಲ್ಲವೇ, ಅವಳ ತೂಕ ಅವಳ ಹೊಟ್ಟೆಗೇ ಹೋಗಬೇಕು, ಯಾರು ಹೇಳಿದರು ನನಗೆ ಇದನ್ನು, ಯಾರೂ ಹೇಳಲಿಲ್ಲ, ನಾನೇ. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಒಂದು ಹಿಡಿ, ಬಲಗೈ ಮೇಲೆ, ಎಡಗೈ ಕೆಳಗೆ, ತೀರ್ಥಕ್ಕೆ ಹಿಡಿಯುವ ಹಾಗೆ ಹಿಡಿಯುತ್ತಾಳೆ, ನಾನು ಹಾಕುತ್ತೇನೆ, ಒಂದು ದಿನ ಬೇಡಮ್ಮ ಬಾಯೆಲ್ಲ ಅಂಟು ಅಂದಳು, ಒಂದು ದಿನ ತಪ್ಪಿದ್ರೂ ದೇವರು ಅಣ್ಣನ್ನ ಕರ್ಕೊಂಡ ಹಾಗೆ ನಿನ್ನನ್ನೂ ಕರ್ಕೊಳ್ತಾನೆ ಅಂದುಬಿಟ್ಟೆ, ಅವತ್ತಿನಿಂದ ನಾನು ಮರೆತರೂ ಅವಳು ಮರೆಯಲ್ಲ. ಬಾಯಾರಿಕೆ ಶುರುವಾದಾಗ ಹಳೇಬೀಡಿನ ಪಂಡಿತರ ಹತ್ತಿರ ಹೋದೆವು, ಉಷ್ಣ ಅಂದರು, ಲೇಹ್ಯ ಕೊಟ್ಟರು, ಅದೂ ಸಿಹಿ. ಅತಿಯಾದರೆ ಅಮೃತವೂ ವಿಷ ಅನ್ನುವುದು ಎಲ್ಲರ ಬಾಯಲ್ಲೂ ಇರುತ್ತದೆ, ಬಡಿಸುವ ಕೈಗೆ ಮಾತ್ರ ತಿಳಿಯುವುದಿಲ್ಲ.

ಕುದಿಯುತ್ತಿದೆ, ನೀಲಿ ಕಲಕಿತು, ಒಲೆಹೊಗೆ ತಿಂದ ಕಣ್ಣೋ ನನ್ನದು, ಹಸಿರೇ ಅದು, ಎಳೇ ಬಾಳೆಲೆ ಬಣ್ಣ, ನಿಲ್ಲು, ಅಲ್ಲೇ ನಿಲ್ಲು, ನಿಲ್ಲುವುದಿಲ್ಲ, ಹಳದಿ, ಸ್ಟೇಷನ್ನಿನ ಕಡೆ ಯಾವುದೋ ಗಾಡಿ ಕೂಗುತ್ತಿದೆ, ಇವರು ಬಾಗಿಲಿಗೆ ಒರಗಿ ನಿಂತವರು ಮುಂದೆ ಬಂದರು, ಕೆಂಪಾಗಬೇಡ, ನಿನ್ನ ಕಾಲು ಹಿಡಿಯುತ್ತೇನೆ ಕೆಂಪಾಗಬೇಡ — ಡಾಕ್ಟರು ದೀಪದಿಂದ ಈಚೆ ತೆಗೆದರು, ಕಿಟಕಿಯ ಬೆಳಕಿಗೆ ಹಿಡಿದರು, ಹಳದಿ, ಹಳದಿಗೇ ನಿಂತಿದೆ. ಸಕ್ಕರೆ ಇದೆ ಮೇಷ್ಟ್ರೇ, ಆದ್ರೆ ಕೈ ಮೀರಿಲ್ಲ ಅನ್ಸುತ್ತೆ, ಹಾಸನದಲ್ಲಿ ರಕ್ತ ನೋಡಿಸಿ, ಇನ್ಸುಲಿನ್ ಅಂತ ಒಳಗೆ ಒಂದು ರಸ ಇರುತ್ತೆ, ಸಕ್ಕರೇನ ಅರಗಿಸೋದು ಅದೇ, ಸಣಕಲು ಮಕ್ಕಳಿಗೆ ಅದೇ ಬತ್ತಿ ಹೋಗೋದನ್ನ ನೋಡಿದ್ದೀನಿ, ಇವಳಲ್ಲಿ ಅದು ಇದೆ, ಇಷ್ಟು ಕೊಬ್ಬು ತುಂಬಿರೋ ಮೈ ಅದರ ಮಾತು ಕೇಳ್ತಿಲ್ಲ, ಮೈ ಇಳಿಸಿದ್ರೆ ಕೇಳಬಹುದು, ಇಳಿಸದೆ ಹೀಗೇ ತಿನ್ನಿಸ್ತಾ ಹೋದ್ರೆ ದಿನಾ ಸೂಜಿ, ಆಮೇಲೆ ನಾನೂ ಏನೂ ಹೇಳೋಕಾಗಲ್ಲ. ಇವತ್ತಿಂದ ರಾಗಿ, ಸೊಪ್ಪು, ದಿನಾ ನಡೆಸಿ, ಸಿಹಿ ಒಂದು ಚೂರೂ ಬೇಡ. ಚೂರೂ ಬೇಡವೇ, ನನ್ನ ಬಾಯಿ ತಾನಾಗಿ ತೆರೆಯಿತು, ಪ್ರಸಾದ, ಬೆಟ್ಟದ ಪ್ರಸಾದ ಡಾಕ್ಟರೇ, ಬೇಡ ಅನ್ನಬಾರದಲ್ಲ. ಅವರು ಕೊಳವೆಯನ್ನು ನನ್ನ ಮುಖದ ಹತ್ತಿರ ತಂದರು, ಇದಕ್ಕೆ ದೇವರ ಬೆಲ್ಲ ಯಾವುದು, ಅಂಗಡಿ ಬೆಲ್ಲ ಯಾವುದು ಅಂತ ಗೊತ್ತಾಗುತ್ತಾ ತಾಯಿ. ಬೆಲ್ಲ ಹಂಚಿಬಿಡು ಅಂತ ಅವತ್ತೇ ಹೇಳಿದ್ದೆನಲ್ಲ ಅಂತ ಇವರು ಅನ್ನಲಿಲ್ಲ, ಅಂದಿದ್ದರೆ ಜಗಳವಾದರೂ ಆಡಬಹುದಿತ್ತು, ಬಸ್ಸು ಎಷ್ಟು ಹೊತ್ತಿಗೋ ನೋಡ್ತೀನಿ ಅಂತ ಪಂಚೆಯ ಚುಂಗಿನಿಂದ ಕಣ್ಣೊರೆಸುತ್ತ ಹೊರಗೆ ಹೋದರು. ಚೆಲುವಿ ನನ್ನ ಸೆರಗು ಎಳೆಯುತ್ತಿದ್ದಾಳೆ, ಮೊದಲ ಬಸ್ಸಿನ ಗಡಿಬಿಡಿಯಲ್ಲಿ ಬೆಳಗಿನ ಹಿಡಿ ಬೆಲ್ಲ ಕೊಡದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದದ್ದು ಅವಳಿಗೆ ಗೊತ್ತು, ಅಮ್ಮಾ ಇವತ್ತಿನದು, ಬೇಡ ಚೆಲುವಿ, ಡಾಕ್ಟರು ಹೇಳಿದ್ದು ಕೇಳಿದೆಯಲ್ಲ, ಕೇಳಿದೆ ಅಮ್ಮ, ಆದ್ರೆ ಹೊತ್ತಾಯ್ತು, ಇನ್ನೂ ತಿಂದಿಲ್ಲ, ದೇವರು ಅಣ್ಣನ ಹಾಗೆ ನನ್ನನ್ನೂ ಕರ್ಕೊಂಡ್ಬಿಟ್ರೆ — ಹಸಿವಲ್ಲ ಅದು, ಮುಖವೆಲ್ಲ ಭಯ, ಎರಡು ಕೈ ಮುಂದೆ ಬಂತು, ಅಯ್ಯೋ ನನ್ನ ಕಂದ, ನಿನಗೆ ಇಟ್ಟದ್ದು ಬೆಲ್ಲವಲ್ಲ, ನನ್ನ ಭಯ. ಗಂಟು ಬಿಚ್ಚಿದೆ, ಬೆವರಿಗೆ ಕರಗಿ ಸೀರೆಗೆ ಅಂಟಿದೆ, ಎಸೆಯುವ ಹಾಗಿಲ್ಲ, ಇವಳಿಗೆ ಕೊಡುವ ಹಾಗಿಲ್ಲ, ನನ್ನ ಬಾಯಿಗೇ ಹಾಕಿಕೊಂಡೆ, ಇಡೀ ಹಿಡಿ, ಉಸಿರು ಕಟ್ಟುತ್ತಿದೆ, ಮಾತಾಡಲಾರೆ, ಅಗಿಯಲಾರೆ, ಸುಳ್ಳು ಕಣೇ ಚೆಲುವಿ, ಅಮ್ಮ ಹೇಳಿದ್ದು ಸುಳ್ಳು ಅನ್ನಬೇಕು, ಬಾಯಿ ತುಂಬ ಬೆಲ್ಲ, ಅವಳು ನೋಡುತ್ತಿದ್ದಾಳೆ, ಕೈ ಇಳಿಸುತ್ತಿಲ್ಲ, ಬಲಗೈ ಮೇಲೆ, ಎಡಗೈ ಕೆಳಗೆ, ಬಲಗೈ ಮೇಲೆ —